ಒಂದು ಹನಿ ರಕ್ತ, 13 ಕ್ಯಾನ್ಸರ್: ಮೈಕ್ರೋಆರ್‌ಎನ್‌ಎ ಮಾತನ್ನು ಎಷ್ಟು ನಂಬಬೇಕು?

ಒಂದು ಹನಿ ರಕ್ತ ಕೊಟ್ಟರೆ ಸಾಕು, 13 ಬಗೆಯ ಕ್ಯಾನ್ಸರ್ ಇದೆಯೋ ಇಲ್ಲವೋ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ, ಅದೂ ನೂರಕ್ಕೆ 99ರಷ್ಟು ಖಚಿತವಾಗಿ. ಈ ಮೆಸೇಜು ನಮ್ಮ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಮೇಲೊಂದು ಅಡಿಕೆ ರೇಟು, ಕೆಳಗೊಂದು ಉಪನಯನದ ಆಮಂತ್ರಣ, ಮಧ್ಯೆ ಇದು. ಸುಳ್ಳು ಸುದ್ದಿ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಜಪಾನಿನ ತೋಷಿಬಾ ಕಂಪನಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರ ಮತ್ತು ಟೋಕಿಯೋ ವೈದ್ಯಕೀಯ ವಿಶ್ವವಿದ್ಯಾಲಯದ ಜೊತೆ ಸೇರಿ 2019ರ ನವೆಂಬರ್‌ನಲ್ಲಿ ನಿಜವಾಗಿಯೂ ಹೀಗೆ ಪ್ರಕಟಿಸಿತ್ತು. ಅವರು ಅಳೆದದ್ದು ರಕ್ತದಲ್ಲಿ ತೇಲುವ ಮೈಕ್ರೋಆರ್‌ಎನ್‌ಎಗಳನ್ನು, ಅಂದರೆ ಜೀನುಗಳ ಕೆಲಸವನ್ನು ತಗ್ಗಿಸುವ ಪುಟಾಣಿ ಅಣುಗಳನ್ನು.

ಇಂಥ ಸುದ್ದಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಕಿವಿ ಸ್ವಲ್ಪ ಜಾಸ್ತಿಯೇ ನೆಟ್ಟಗಾಗುತ್ತದೆ. ಅದಕ್ಕೆ ಕಾರಣವಿದೆ. ದೊಡ್ಡ ಕಾಯಿಲೆ ಎಂದರೆ ಕಾರವಾರದವರು ಗೋವಾಕ್ಕೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಗಾಡಿ ಹತ್ತಬೇಕು. 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೇ ಬೇಕು ಅಂತ ಜಿಲ್ಲೆಯಿಡೀ ಕೂಗೆದ್ದಿತ್ತಲ್ಲ. ಹಾಗಿರುವಾಗ ಊರಲ್ಲೇ ಒಂದು ಟ್ಯೂಬು ರಕ್ತ ಕೊಟ್ಟು ಸುಮ್ನೆ ಮನೆಗೆ ಹೋಗಬಹುದು ಎಂದರೆ ಯಾರಿಗೆ ಬೇಡ?

ಮೈಕ್ರೋಆರ್‌ಎನ್‌ಎ ಬಗ್ಗೆ ಎರಡು ಭರವಸೆಗಳಿವೆ. ಒಂದು, ಅದನ್ನು ಅಳೆದು ಕಾಯಿಲೆ ಪತ್ತೆಮಾಡಬಹುದು. ಇನ್ನೊಂದು, ಅದನ್ನೇ ಗುರಿ ಮಾಡಿ ಔಷಧ ಕೊಡಬಹುದು. ಎರಡರ ಬಗ್ಗೆಯೂ ಓದುತ್ತಾ ಹೋದ ಹಾಗೆ ನನಗೆ ಕಂಡದ್ದು ಇಷ್ಟು: ಗೆದ್ದದ್ದೂ ಸೋತದ್ದೂ ಬಹುತೇಕ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಪರೀಕ್ಷೆಯಾದರೆ, ಈ ಅಣು ದೇಹದ ಯಾವ ಭಾಗದಿಂದ ಬಂತು? ಔಷಧವಾದರೆ, ಅದು ಯಾವ ಭಾಗಕ್ಕೆ ಹೋಗಿ ಸೇರುತ್ತದೆ? ಸಂಖ್ಯೆ, ಪರ್ಸೆಂಟೇಜು ಎಲ್ಲ ಆಮೇಲಿನ ಮಾತು.

ಹುಳದಿಂದ ಶುರು

ನಮ್ಮ ಕಣ್ಣಿನ ಜೀವಕೋಶದಲ್ಲೂ ಕಾಲಿನ ಸ್ನಾಯುವಿನಲ್ಲೂ ಇರುವ ಡಿಎನ್‌ಎ ಒಂದೇ. ಯಾವ ಜೀನು ಎಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದರಲ್ಲಿ ವ್ಯತ್ಯಾಸ. ಜೀನು ಕೆಲಸಕ್ಕೆ ಇಳಿದಾಗ ಮೊದಲು ಅದರದ್ದೊಂದು ನಕಲು ತಯಾರಾಗುತ್ತದೆ. ಅದೇ ಮೆಸೆಂಜರ್ ಆರ್‌ಎನ್‌ಎ. ಕೋವಿಡ್ ಲಸಿಕೆಯ ಕಾಲದಲ್ಲಿ ಈ ಹೆಸರು ಎಲ್ಲರ ಬಾಯಲ್ಲೂ ಬಂದು ಹೋಗಿದೆ. ಆ ನಕಲನ್ನು ಓದಿಕೊಂಡು ಜೀವಕೋಶ ಪ್ರೋಟೀನು ಮಾಡುತ್ತದೆ.

ಮೈಕ್ರೋಆರ್‌ಎನ್‌ಎ ಬರುವುದು ಈ ಎರಡರ ಮಧ್ಯೆ. ಅದು ತೀರಾ ಚಿಕ್ಕದು, ಸುಮಾರು 22 ಅಕ್ಷರ ಅಷ್ಟೇ (ಆರ್‌ಎನ್‌ಎ ಎಳೆಯಲ್ಲಿ ಸಾಲಾಗಿ ಕೂತ ರಾಸಾಯನಿಕ ತುಣುಕುಗಳನ್ನೇ ಇಲ್ಲಿ ಅಕ್ಷರ ಎನ್ನುತ್ತಿದ್ದೇನೆ). ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಉದ್ದನೆಯ ಎಳೆಯೊಂದನ್ನು ಡ್ರೋಶಾ, ಡೈಸರ್ ಎಂಬ ಎರಡು ಕಿಣ್ವಗಳು ಒಂದಾದ ಮೇಲೊಂದು ಕತ್ತರಿಸಿ ಇದನ್ನು ತಯಾರಿಸುತ್ತವೆ. ಆಮೇಲೆ ಅದು ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಹೋಗಿ ಕೂರುತ್ತದೆ. ತನಗೆ ಹೊಂದುವ ಅಕ್ಷರಗಳಿರುವ ಮೆಸೆಂಜರ್ ಸಿಕ್ಕಿದರೆ ಅಂಟಿಕೊಂಡು ಪ್ರೋಟೀನು ತಯಾರಿಗೆ ಅಡ್ಡ ಹಾಕುತ್ತದೆ, ಇಲ್ಲವೇ ಆ ಮೆಸೆಂಜರ್ ಬೇಗ ಹಾಳಾಗುವಂತೆ ಮಾಡುತ್ತದೆ.

ಇದನ್ನು ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ವಿಜ್ಞಾನಿಗಳಾದ ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ತಮ್ಮ ತಮ್ಮ ಪ್ರಯೋಗಾಲಯದ ಫಲಿತಾಂಶವನ್ನು 1993ರಲ್ಲಿ ಒಟ್ಟಿಗೇ ಪ್ರಕಟಿಸಿದರು. ಲಿನ್-4 ಎಂಬ ಪುಟಾಣಿ ಆರ್‌ಎನ್‌ಎ, ಲಿನ್-14 ಎಂಬ ಜೀನಿನ ಮೆಸೆಂಜರ್‌ಗೆ ಅಂಟಿಕೊಂಡು ಅದನ್ನು ತಡೆಯುತ್ತಿತ್ತು. ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಹುಳದ್ದೇ ಏನೋ ಒಂದು ವಿಚಿತ್ರ ಎಂದುಕೊಂಡರು. 2000ದಲ್ಲಿ ರವ್‌ಕುನ್ ಅವರ ತಂಡ ಲೆಟ್-7 ಎಂಬ ಎರಡನೆಯದನ್ನು ಹುಡುಕಿದಾಗ ಚಿತ್ರ ಬದಲಾಯಿತು, ಯಾಕೆಂದರೆ ಅದು ಹುಳದಲ್ಲಿ ಮಾತ್ರ ಅಲ್ಲ, ನೊಣದಲ್ಲಿ, ಮೀನಿನಲ್ಲಿ, ಮನುಷ್ಯರಲ್ಲಿ ಎಲ್ಲ ಕಡೆ ಇತ್ತು. ಮನುಷ್ಯನಲ್ಲಿ ಈಗ ಸಾವಿರಕ್ಕೂ ಹೆಚ್ಚು ಮೈಕ್ರೋಆರ್‌ಎನ್‌ಎ ಜೀನುಗಳ ಲೆಕ್ಕ ಸಿಕ್ಕಿದೆ. ಇಬ್ಬರಿಗೂ 2024ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಆ್ಯಂಬ್ರೋಸ್ ಅವರ 1993ರ ಪ್ರಬಂಧದ ಮೊದಲ ಹೆಸರು ಅವರ ಹೆಂಡತಿ ರೊಸಾಲಿಂಡ್ ಲೀ ಅವರದ್ದು. ಪ್ರಶಸ್ತಿಯಲ್ಲಿ ಅವರ ಹೆಸರಿಲ್ಲ.

ಒಂದು ವಿಷಯ ಇಲ್ಲಿ ಮುಖ್ಯ. ಒಂದು ಮೈಕ್ರೋಆರ್‌ಎನ್‌ಎ ಮೆಸೆಂಜರ್ ಜೊತೆ ಪೂರ್ತಿ ಹೊಂದಬೇಕಾಗಿಲ್ಲ. ಅದರ 2ರಿಂದ 8ನೇ ಅಕ್ಷರದವರೆಗೆ ಸರಿಯಾಗಿ ಕೂತರೆ ಬಹಳಷ್ಟು ಸಲ ಕೆಲಸ ಆಗಿಹೋಗುತ್ತದೆ. ಏಳೇ ಅಕ್ಷರವಾದ್ದರಿಂದ ಹೊಂದುವ ಜಾಗ ನೂರಾರು ಜೀನುಗಳಲ್ಲಿ ಸಿಗುತ್ತದೆ. ಹಾಗಂತ ಯಾವುದನ್ನೂ ಅದು ಪೂರ್ತಿ ನಿಲ್ಲಿಸುವುದಿಲ್ಲ, ಒಂದಿಷ್ಟು ತಗ್ಗಿಸುತ್ತದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಹಾಡುವ ಭಾಗವತರು ವೇಷ ಕಟ್ಟುವುದಿಲ್ಲ, ಕುಣಿಯುವುದೂ ಇಲ್ಲ, ಆದರೆ ಅವರು ತಾಳ ಸ್ವಲ್ಪ ಎಳೆದರೆ ರಂಗದ ಮೇಲಿರುವ ಎಲ್ಲ ವೇಷಗಳ ಹೆಜ್ಜೆಯೂ ನಿಧಾನವಾಗುತ್ತದೆ, ಹಾಗೆ. ಆ ಏಳು ಅಕ್ಷರಗಳ ಬೆಲೆ ಎಷ್ಟು ಎನ್ನುವುದಕ್ಕೆ ಒಂದು ಉದಾಹರಣೆ: ಮಿರ್-96 ಎಂಬುದರಲ್ಲಿ (ಮಿರ್ ಎಂದರೆ ಮೈಕ್ರೋಆರ್‌ಎನ್‌ಎಯ ಚುಟುಕು ಹೆಸರು) ಅದೇ ಜಾಗದ ಒಂದೇ ಒಂದು ಅಕ್ಷರ ಬದಲಾದ ಕುಟುಂಬಗಳಲ್ಲಿ ವಯಸ್ಸಾದಂತೆ ಕಿವಿ ಕೇಳಿಸದಾಗುತ್ತದೆ. ಇದು 2009ರಲ್ಲಿ ಸ್ಪೇನಿನ ಕುಟುಂಬಗಳಲ್ಲಿ ಗೊತ್ತಾದದ್ದು.

ಕ್ಯಾನ್ಸರ್ ನಂಟು ಅದಕ್ಕೂ ಹಿಂದಿನದು. 2002ರಲ್ಲಿ ಕಾರ್ಲೋ ಕ್ರೋಚೆ ಅವರ ತಂಡ ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಮಿರ್-15 ಮತ್ತು ಮಿರ್-16 ಇರುವ ಡಿಎನ್‌ಎ ತುಂಡೇ ಕಳೆದುಹೋಗಿರುತ್ತದೆ ಅಂತ ತೋರಿಸಿತು. ಅಲ್ಲಿಂದ ಈ ಕ್ಷೇತ್ರಕ್ಕೆ ಜನ ನುಗ್ಗಿದರು.

ರಕ್ತದಲ್ಲಿ ಸಿಕ್ಕಿತು, ಆದರೆ ಯಾರದ್ದು?

ಆರ್‌ಎನ್‌ಎ ಎಂದರೆ ಬೇಗ ಕೆಡುವ ವಸ್ತು. ಅದನ್ನು ಕತ್ತರಿಸಿ ಹಾಕುವ ಕಿಣ್ವಗಳು ರಕ್ತದಲ್ಲಿ ಬೇಕಾದಷ್ಟಿವೆ. ಹಾಗಾಗಿ ರಕ್ತದಲ್ಲಿ ಅದು ಉಳಿಯುತ್ತದೆ ಎಂದು ಯಾರೂ ನಿರೀಕ್ಷಿಸಿರಲಿಲ್ಲ. 2008ರಲ್ಲಿ ಸಿಯಾಟಲ್‌ನ ಸಂಶೋಧಕರು ಪ್ಲಾಸ್ಮಾವನ್ನು, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವವನ್ನು, 24 ಗಂಟೆ ಕೋಣೆಯಲ್ಲೇ ಬಿಟ್ಟರೂ, ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೂ ಅದರಲ್ಲಿನ ಮೈಕ್ರೋಆರ್‌ಎನ್‌ಎ ಹಾಗೇ ಇರುತ್ತದೆ ಎಂದು ತೋರಿಸಿದರು. ಆರ್ಗೊನಾಟ್ ಪ್ರೋಟೀನಿನೊಳಗೋ ಸಣ್ಣ ಸಣ್ಣ ಕೊಬ್ಬಿನ ಚೀಲಗಳೊಳಗೋ ಸೇರಿಕೊಂಡಿರುವುದರಿಂದ ಕಿಣ್ವಗಳ ಕೈಗೆ ಸಿಗುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಮುಂದುವರಿದವರ ರಕ್ತದಲ್ಲಿ ಮಿರ್-141 ಏರಿರುವುದನ್ನೂ ಅದೇ ತಂಡ ತೋರಿಸಿತು. ಬಿಸಿಲಲ್ಲಿ ಬಸ್ಸಿನ ಮೇಲೆ ಹುಬ್ಬಳ್ಳಿಗೆ ಹೋದರೂ ಕೆಡದ ಗುರುತು! ಸಾವಿರಾರು ಪ್ರಬಂಧಗಳು ಬಂದವು.

ತೊಂದರೆ ಕಾಣಿಸಿದ್ದು ಆಮೇಲೆ. ಮಿರ್-21 ತೆಗೆದುಕೊಳ್ಳಿ. ಸ್ತನ ಕ್ಯಾನ್ಸರ್‌ನಲ್ಲಿ ಏರುತ್ತದೆ. ಕರುಳಿನ ಕ್ಯಾನ್ಸರ್‌ನಲ್ಲಿ, ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ, ಬಾಯಿಯ ಕ್ಯಾನ್ಸರ್‌ನಲ್ಲಿ ಏರುತ್ತದೆ. ಹೃದಯ ಸೋಲುತ್ತಿದ್ದರೂ ಏರುತ್ತದೆ, ಕಿಡ್ನಿ ಗಟ್ಟಿಯಾಗುತ್ತಿದ್ದರೂ ಏರುತ್ತದೆ. ಎಲ್ಲಿ ಗಾಯ, ಉರಿಯೂತ ಇದೆಯೋ ಅಲ್ಲೆಲ್ಲ ಇದರ ಕೈವಾಡ. ಇಂಥದ್ದು ರಕ್ತದಲ್ಲಿ ಜಾಸ್ತಿ ಇದೆ ಎಂದರೆ ಏನೋ ಸರಿ ಇಲ್ಲ ಎಂದು ಗೊತ್ತಾಗಬಹುದು. ಎಲ್ಲಿ ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ತೊಂದರೆ ರಕ್ತವೇ ತಂದದ್ದು. ನಮ್ಮ ಕೆಂಪು ರಕ್ತಕಣಗಳಲ್ಲಿ ಮಿರ್-16, ಮಿರ್-451 ತುಂಬಿಕೊಂಡಿವೆ. ಸೂಜಿ ಚುಚ್ಚುವಾಗ ನರ ಸಿಗದೆ ಎರಡು ಸಲ ಎಳೆದಾಡಿದರೆ, ಸಿರಿಂಜನ್ನು ಜೋರಾಗಿ ಒತ್ತಿ ಟ್ಯೂಬಿಗೆ ಸುರಿದರೆ, ಟ್ಯೂಬು ಕುಲುಕಾಡಿದರೆ ಒಂದಿಷ್ಟು ಕಣ ಒಡೆಯುತ್ತವೆ. ಒಳಗಿದ್ದದ್ದೆಲ್ಲ ಪ್ಲಾಸ್ಮಾಕ್ಕೆ ಸೇರುತ್ತದೆ. 2012ರಲ್ಲಿ ಅದೇ ಸಿಯಾಟಲ್‌ನವರು ಕುಳಿತು ಲೆಕ್ಕ ಹಾಕಿದರು: ಅಲ್ಲಿಯತನಕ ಕ್ಯಾನ್ಸರ್ ಗುರುತು ಎಂದು ಹೆಸರಾಗಿದ್ದ 79 ಮೈಕ್ರೋಆರ್‌ಎನ್‌ಎಗಳಲ್ಲಿ 46 ರಕ್ತಕಣಗಳಲ್ಲೇ ಹೇರಳವಾಗಿರುವಂಥವು. ಕಣ ಒಡೆದರೆ ಕೆಲವು ಐವತ್ತು ಪಟ್ಟಿನವರೆಗೂ ಏರಿಳಿಯುತ್ತಿದ್ದವು. ತಮ್ಮದೇ ಕ್ಷೇತ್ರದ ಬುಡ ಅಲ್ಲಾಡಿಸುವ ಲೆಕ್ಕವನ್ನು ತಾವೇ ಪ್ರಕಟಿಸಿದ್ದಕ್ಕೆ ಅವರಿಗೆ ಒಂದು ನಮಸ್ಕಾರ ಹಾಕಬೇಕು.

ಹಾಗಾಗಿ ಮೇಲೆ ಹೇಳಿದ ಬಸ್ಸಿನ ಸಂಭ್ರಮಕ್ಕೆ ಒಂದು ತಿದ್ದುಪಡಿ ಬೇಕು. ಬೇರ್ಪಡಿಸಿಟ್ಟ ಪ್ಲಾಸ್ಮಾ ಬಸ್ಸಲ್ಲಿ ಹೋದರೆ ಅಡ್ಡಿಯಿಲ್ಲ. ಇಡೀ ರಕ್ತವನ್ನೇ ಟ್ಯೂಬಿಗೆ ತುಂಬಿ, ಶಿರಸಿಯಿಂದ ದೇವಿಮನೆ ಘಟ್ಟ ಇಳಿಸಿ, ಸಂಜೆ ಎಲ್ಲೋ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಪ್ಲಾಸ್ಮಾ ತೆಗೆದರೆ ಅಳತೆ ರೋಗಿಯದ್ದೋ ರಸ್ತೆಯದ್ದೋ ಹೇಳುವುದು ಕಷ್ಟ. ಟ್ಯೂಬಿನ ಮುಚ್ಚಳದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಆಗಬಹುದು. ಹಸಿರು ಮುಚ್ಚಳದ್ದರಲ್ಲಿ ಹೆಪಾರಿನ್ ಇರುತ್ತದೆ, ಅದು ಪಿಸಿಆರ್ ಕೆಲಸವನ್ನೇ ಕೆಡಿಸುತ್ತದೆ. ಅಳೆಯುವ ಯಂತ್ರವೇನೂ ಅಪರೂಪದ್ದಲ್ಲ, ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಆರ್‌ಟಿ-ಪಿಸಿಆರ್. 22 ಅಕ್ಷರದ ತುಂಡು ಅದಕ್ಕೆ ತೀರಾ ಗಿಡ್ಡವಾಗುತ್ತದೆ, ಹಾಗಾಗಿ ಮೊದಲು ಒಂದು ಬಾಲ ಜೋಡಿಸಿ ಉದ್ದ ಮಾಡಿಕೊಳ್ಳುತ್ತಾರೆ ಅಷ್ಟೇ. ಯಂತ್ರ ಹೇಗೋ ಸಿಗುತ್ತದೆ. ರಕ್ತ ತೆಗೆದ ಒಂದೆರಡು ಗಂಟೆಯೊಳಗೆ ಅದನ್ನು ತಿರುಗಿಸಿ ಬೇರ್ಪಡಿಸುವ ಶಿಸ್ತು ಸಿಗುವುದು ಕಷ್ಟ.

ಈಗ ಆ 99 ಪರ್ಸೆಂಟ್ ಮಾತಿಗೆ ಬರೋಣ. ಲೆಕ್ಕ ಸುಲಭ, ಒಂದು ಕಾಗದ ಪೆನ್ನು ಸಾಕು. ಕಾಯಿಲೆ ಇದ್ದವರಲ್ಲಿ ನೂರಕ್ಕೆ 99 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ 99 ಮಂದಿಗೆ ಇಲ್ಲ ಎಂದೇ ಹೇಳುವ ಪರೀಕ್ಷೆ ಇದೆ ಎಂದಿಟ್ಟುಕೊಳ್ಳಿ. ಆರೋಗ್ಯವಾಗಿ ಓಡಾಡಿಕೊಂಡಿರುವ 1 ಲಕ್ಷ ಜನಕ್ಕೆ ಅದನ್ನು ಮಾಡಿಸೋಣ. ಅವರಲ್ಲಿ 300 ಜನಕ್ಕೆ ತಮಗೇ ಗೊತ್ತಿಲ್ಲದ ಕ್ಯಾನ್ಸರ್ ಇದೆ ಎಂದುಕೊಳ್ಳಿ. 297 ಜನ ಸಿಕ್ಕಿಬೀಳುತ್ತಾರೆ. ಉಳಿದ 99,700 ಜನರಲ್ಲಿ ನೂರಕ್ಕೊಬ್ಬರಂತೆ 997 ಜನಕ್ಕೂ ಪಾಸಿಟಿವ್ ಬರುತ್ತದೆ. ಒಟ್ಟು 1,294 ಪಾಸಿಟಿವ್, ಅದರಲ್ಲಿ ನಾಲ್ಕಕ್ಕೆ ಮೂರಕ್ಕಿಂತ ಹೆಚ್ಚು ಜನಕ್ಕೆ ಕಾಯಿಲೆಯೇ ಇಲ್ಲ. ಪರೀಕ್ಷೆ ಕೆಟ್ಟದ್ದು ಎಂದಲ್ಲ, ಕಾಯಿಲೆ ಅಪರೂಪದ್ದಾದಾಗ ಹೀಗೇ ಆಗುವುದು. ಪ್ರಯೋಗಾಲಯದ 99 ಬರುವುದು ಸಾಮಾನ್ಯವಾಗಿ ಕಾಯಿಲೆ ಇದೆ ಎಂದು ಮೊದಲೇ ಗೊತ್ತಿರುವವರನ್ನೂ ಆರೋಗ್ಯವಂತರನ್ನೂ ಎರಡು ಸಾಲಲ್ಲಿ ನಿಲ್ಲಿಸಿ ಹೋಲಿಸಿದಾಗ. ಊರಲ್ಲಿ ಜನ ಹಾಗೆ ಎರಡು ಸಾಲಲ್ಲಿ ನಿಂತಿರುವುದಿಲ್ಲ, ಅಲ್ವಾ? ಸಕ್ಕರೆ ಕಾಯಿಲೆಯವರು, ಮಂಡಿನೋವಿನವರು, ಮೊನ್ನೆಯಷ್ಟೇ ಜ್ವರದಿಂದ ಎದ್ದವರು ಎಲ್ಲ ಇರುತ್ತಾರೆ.

ಆ 997 ಜನರಲ್ಲಿ ಒಬ್ಬರು ಯಲ್ಲಾಪುರದವರು ಎಂದುಕೊಳ್ಳಿ. ಕ್ಯಾನ್ಸರ್ ಇರಬಹುದು ಎಂಬ ಕಾಗದ ಕೈಯಲ್ಲಿದೆ. ಎಲ್ಲಿದೆ ಗೊತ್ತಿಲ್ಲ. ಸ್ಕ್ಯಾನು, ಎಂಡೋಸ್ಕೋಪಿ, ಲಾಡ್ಜು, ಬಸ್ ಚಾರ್ಜು, ಕೂಲಿ ತಪ್ಪಿದ ದಿನಗಳು, ನಿದ್ದೆ ಇಲ್ಲದ ರಾತ್ರಿಗಳು. ಏನೂ ಸಿಗದಿದ್ದರೂ ಮನಸ್ಸಿಗೆ ಸಮಾಧಾನ ಇಲ್ಲ. ಈ ಖರ್ಚನ್ನು ಪರೀಕ್ಷೆಯ ಬೆಲೆಯಲ್ಲಿ ಯಾರೂ ಸೇರಿಸುವುದಿಲ್ಲ.

ಎಲ್ಲಿಂದ ಬಂತು ಎಂದು ಗೊತ್ತಿರುವಾಗ

ಹಾಗಂತ ಎಲ್ಲ ಬೂಸಿ ಬಿಡುವುದಲ್ಲ. ಚೆನ್ನಾಗಿ ಕೆಲಸ ಮಾಡುವ ಕಡೆ ನೋಡಿದರೆ ಈ ಅಣುವಿನ ಊರು ಸ್ಪಷ್ಟವಾಗಿ ಗೊತ್ತಿರುತ್ತದೆ.

ಮಿರ್-371 ಎಂಬುದು ಭ್ರೂಣದ ಕೋಶಗಳಲ್ಲಿ ಇರುವಂಥದ್ದು. ಬೆಳೆದ ಗಂಡಸಿನ ರಕ್ತದಲ್ಲಿ ಅದು ಇರಬೇಕಾದ ಕಾರಣವೇ ಇಲ್ಲ. ಇದ್ದರೆ ವೃಷಣದ ಕ್ಯಾನ್ಸರ್ ಮೇಲೆ ಅನುಮಾನ ಬರುತ್ತದೆ. 2019ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಅಧ್ಯಯನದಲ್ಲಿ ಇದು ಕಾಯಿಲೆ ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ನೂರಕ್ಕೆ 94 ಮಂದಿಗೆ ಇಲ್ಲ ಎಂದು ಸರಿಯಾಗಿ ಹೇಳಿತು. ಹಳೆಯ ರಕ್ತಪರೀಕ್ಷೆಗಳಾದ ಎಎಫ್‌ಪಿ, ಎಚ್‌ಸಿಜಿಗಿಂತ ಬಹಳ ಮೇಲು. ಗಡ್ಡೆ ತೆಗೆದ ಮೇಲೆ ಬೇಗ ಇಳಿಯುತ್ತದೆ, ಕಾಯಿಲೆ ಮರಳಿದರೆ ಮತ್ತೆ ಏರುತ್ತದೆ. ಟೆರಟೋಮಾ ಎಂಬ ಒಂದು ಬಗೆ ಮಾತ್ರ ಇದಕ್ಕೆ ಸಿಗುವುದಿಲ್ಲ. ಗಮನಿಸಿ, 94 ಎಂಬುದು 99ಕ್ಕಿಂತ ಕಡಿಮೆ. ಆದರೂ ಇದು ಹೆಚ್ಚು ಉಪಯೋಗಕ್ಕೆ ಬರುವ ಪರೀಕ್ಷೆ, ಯಾಕೆಂದರೆ ಊರಿಗೆಲ್ಲ ಮಾಡುವಂಥದ್ದಲ್ಲ, ಗಡ್ಡೆ ಇರುವ ಅಥವಾ ಆಪರೇಷನ್ ಆದ ಹುಡುಗರಿಗೆ ಮಾಡುವಂಥದ್ದು. ಇಂಥವರು ವರ್ಷಗಟ್ಟಲೆ ಸಿಟಿ ಸ್ಕ್ಯಾನಿಗೆ ಅಲೆಯುತ್ತಾರೆ. ಆ ಅಲೆದಾಟವನ್ನು ಇದರಿಂದ ಕಡಿಮೆ ಮಾಡಬಹುದೇ ಎಂದು ಪರೀಕ್ಷೆಗಳು ನಡೆದಿವೆ.

ಇನ್ನೊಂದು ಮಿರ್-122. ಇದು ಲಿವರ್‌ನ ಸ್ವಂತ ಸೊತ್ತು. ಲಿವರ್‌ನಲ್ಲಿರುವ ಮೈಕ್ರೋಆರ್‌ಎನ್‌ಎಗಳಲ್ಲಿ ನೂರಕ್ಕೆ ಸುಮಾರು 70 ಇದೊಂದೇ, ಬೇರೆ ಅಂಗಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪ್ಯಾರಾಸಿಟಮಾಲ್ ಮಾತ್ರೆ ವಿಪರೀತ ನುಂಗಿದವರ ರಕ್ತದಲ್ಲಿ ಲಿವರ್ ಪೆಟ್ಟಿನ ಮಾಮೂಲಿ ಅಳತೆಯಾದ ಎಸ್‌ಜಿಪಿಟಿ ಏರುವ ಮುಂಚೆಯೇ ಇದು ಏರುತ್ತದೆ ಎಂದು ಬ್ರಿಟನ್ನಿನ ಅಧ್ಯಯನಗಳು ತೋರಿಸಿವೆ. ಕರಾವಳಿಯ ಮಳೆಗಾಲದ ಇಲಿಜ್ವರ ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಆ ಜ್ವರದಲ್ಲಿ ಲಿವರ್‌ಗೂ ಪೆಟ್ಟು, ಮೀನಖಂಡದ ಸ್ನಾಯುವಿಗೂ ಪೆಟ್ಟು. ಇನ್ನೊಂದು ಮಾಮೂಲಿ ಅಳತೆ ಎಸ್‌ಜಿಒಟಿ ಏರಿದರೆ ಯಾವುದರಿಂದ ಏರಿತು ಎಂದು ಆ ಅಂಕಿಯೊಂದರಿಂದ ಹೇಳಲಾಗುವುದಿಲ್ಲ, ಯಾಕೆಂದರೆ ಅದು ಸ್ನಾಯುವಿನಲ್ಲೂ ಇದೆ. ಮಿರ್-122 ಆದರೆ ಲಿವರ್‌ನದ್ದೇ.

ಅಂದಹಾಗೆ ಅನ್ನದ ಕತೆಯನ್ನೂ ಹೇಳಿಬಿಡುತ್ತೇನೆ. ಅಕ್ಕಿಯಲ್ಲಿರುವ ಮಿರ್-168 ಎಂಬುದು ಊಟದ ಮೂಲಕ ನಮ್ಮ ರಕ್ತಕ್ಕೆ ಬಂದು ಲಿವರ್‌ನ ಕೊಲೆಸ್ಟ್ರಾಲ್ ಲೆಕ್ಕವನ್ನೇ ಬದಲಿಸುತ್ತದೆ ಎಂದು ಚೀನಾದ ಒಂದು ತಂಡ ಹೇಳಿತ್ತು. ದೊಡ್ಡ ಸುದ್ದಿಯಾಯಿತು. ಬೇರೆಯವರು ಮಾಡಿ ನೋಡಿದಾಗ ಹಾಗೆ ಬರಲಿಲ್ಲ. ಕುಚ್ಚಲಕ್ಕಿ ಗಂಜಿ ಉಣ್ಣುವವರು ಧೈರ್ಯವಾಗಿ ಉಣ್ಣಬಹುದು. ಮೈಕ್ರೋಆರ್‌ಎನ್‌ಎ ಇರುವ ಪುಡಿ, ಸೊಪ್ಪಿನ ಕ್ಯಾಪ್ಸೂಲ್ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳಿ.

ಔಷಧದ ದಾರಿ

ಔಷಧದ ಆಲೋಚನೆ ಕೇಳಲು ಬಹಳ ಚೆಂದ. ಒಂದು ಮೈಕ್ರೋಆರ್‌ಎನ್‌ಎ ನೂರು ಜೀನನ್ನು ಆಳುತ್ತದೆ ಎಂದರೆ, ಅದೊಂದನ್ನು ಹಿಡಿದರೆ ನೂರೂ ಕೈಗೆ ಬಂದ ಹಾಗೆ. ಕ್ಯಾನ್ಸರ್‌ನಂಥ ಹತ್ತು ಕಡೆ ಕೆಡುವ ಕಾಯಿಲೆಗೆ ಇನ್ನೇನು ಬೇಕು? ಜಾಸ್ತಿಯಾಗಿದ್ದರೆ ಅದಕ್ಕೆ ಜೋಡಿಯಾಗುವ ಎದುರು ತುಂಡು ಕೊಟ್ಟು ಬಾಯಿ ಮುಚ್ಚಿಸುವುದು, ಕಡಿಮೆಯಾಗಿದ್ದರೆ ಅದರ ನಕಲನ್ನೇ ಹೊರಗಿನಿಂದ ಕೊಡುವುದು.

ಮೊದಲು ಪ್ರಯತ್ನಪಟ್ಟದ್ದು ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಮೇಲೆ. ಆ ವೈರಸ್ಸಿನ ಕುತಂತ್ರ ನೋಡಿ. ಮಿರ್-122 ಬೇರೆ ಆರ್‌ಎನ್‌ಎಗಳನ್ನು ತಗ್ಗಿಸುತ್ತದೆ, ಆದರೆ ಈ ವೈರಸ್ಸು ಅದನ್ನೇ ತನ್ನ ತುದಿಗೆ ಅಂಟಿಸಿಕೊಂಡು ಕಿಣ್ವಗಳಿಂದ ತಪ್ಪಿಸಿಕೊಳ್ಳುತ್ತದೆ. ಮಿರ್-122 ಅನ್ನು ಕಸಿದುಕೊಂಡರೆ ವೈರಸ್ಸಿಗೆ ನೆಲೆಯಿಲ್ಲ. ಮಿರಾವಿರ್ಸೆನ್ ಎಂಬ ಔಷಧವನ್ನು 36 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕೊಟ್ಟು ನೋಡಿದರು, ವಾರಕ್ಕೊಂದರಂತೆ ಐದು ಚುಚ್ಚುಮದ್ದು. ಡೋಸ್ ಹೆಚ್ಚಿದಷ್ಟೂ ವೈರಸ್ ಇಳಿಯಿತು. ಫಲಿತಾಂಶ 2013ರಲ್ಲಿ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅಂಥ ಮಾತ್ರೆಗಳನ್ನು ಸೇರಿಸಿ ಕೊಟ್ಟರೆ ಕೆಲವೇ ವಾರಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಚುಚ್ಚುಮದ್ದಿನ ಮಾತು ಅಲ್ಲಿಗೆ ಮುಗಿಯಿತು. ಅದೇ ಮಿರ್-122 ಮೇಲಿನ ಆರ್‌ಜಿ-101 ಎಂಬ ಇನ್ನೊಂದು ಔಷಧದಲ್ಲಿ ಕೆಲವರಿಗೆ ಕಾಮಾಲೆ ಕಾಣಿಸಿಕೊಂಡು 2016ರಲ್ಲಿ ತಡೆ ಬಿತ್ತು, ಮುಂದೆ ಅದನ್ನೂ ಕೈಬಿಟ್ಟರು.

2016 ಈ ಕ್ಷೇತ್ರಕ್ಕೆ ಕೆಟ್ಟ ವರ್ಷ. ಮಿರ್-34 ಕ್ಯಾನ್ಸರ್ ತಡೆಯುವ ಒಳ್ಳೆಯ ಅಣು ಎಂದು ಹೆಸರು ಮಾಡಿತ್ತು. ಅದರ ನಕಲನ್ನು ಕೊಬ್ಬಿನ ಗುಳ್ಳೆಯೊಳಗೆ ತುಂಬಿ ಎಂಆರ್‌ಎಕ್ಸ್34 ಎಂಬ ಹೆಸರಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟರು. ರೋಗನಿರೋಧಕ ವ್ಯವಸ್ಥೆ ಕೆರಳಿ ಗಂಭೀರ ತೊಂದರೆಗಳಾದವು, ನಾಲ್ಕು ಜನ ತೀರಿಕೊಂಡರು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಗುಳ್ಳೆಗಳು ಗಡ್ಡೆಗೆ ಮಾತ್ರ ಹೋಗುತ್ತಿರಲಿಲ್ಲ ಎನ್ನುವುದನ್ನು ಇಲ್ಲಿ ಮರೆಯಬಾರದು. ಲಿವರ್, ಗುಲ್ಮ, ಬಿಳಿ ರಕ್ತಕಣ, ಎಲ್ಲ ಕಡೆಗೂ ಹೋಗುತ್ತಿದ್ದವು. ಭಾಗವತರನ್ನು ಬದಲಿಸಿದರೆ ಒಂದು ವೇಷಕ್ಕೆ ಮಾತ್ರ ಬಿಸಿ ತಟ್ಟಲಿ ಎಂದರೆ ಆಗುತ್ತದೆಯೇ?

ಇದಕ್ಕೆ ಅಕ್ಕಪಕ್ಕದಲ್ಲೇ ಇನ್ನೊಂದು ಬಗೆಯ ಆರ್‌ಎನ್‌ಎ ಔಷಧಗಳು ಗೆಲ್ಲುತ್ತಾ ಹೋದವು. ಎಸ್‌ಐಆರ್‌ಎನ್‌ಎ ಎನ್ನುತ್ತಾರೆ. ಅವು ಪೂರ್ತಿ ಅಕ್ಷರ ಹೊಂದಿಸಿ ಒಂದೇ ಜೀನಿನ ಮೆಸೆಂಜರನ್ನು ಕತ್ತರಿಸುತ್ತವೆ. ಮೊದಲನೆಯದು, ಪಾಟಿಸಿರಾನ್, 2018ರಲ್ಲಿ ಒಪ್ಪಿಗೆ ಪಡೆಯಿತು. ಅಮೆರಿಕದಲ್ಲಿ ಅದಕ್ಕೆ ಇಟ್ಟ ಬೆಲೆ ವರ್ಷಕ್ಕೆ ನಾಲ್ಕೂವರೆ ಲಕ್ಷ ಡಾಲರ್, ಅದು ಬೇರೆ ಲೇಖನದ ಸಿಟ್ಟು. ಕೊಲೆಸ್ಟ್ರಾಲ್‌ಗೆ ಬಂದಿರುವ ಇಂಕ್ಲಿಸಿರಾನ್ ಕೂಡ ಇದೇ ಜಾತಿಯದ್ದು, ಶುರುವಿನ ಡೋಸ್‌ಗಳಾದ ಮೇಲೆ ಆರು ತಿಂಗಳಿಗೊಂದು ಚುಚ್ಚುಮದ್ದು. ಅದಕ್ಕೆ ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯನ್ನು ಅಂಟಿಸಿರುತ್ತಾರೆ. ಲಿವರ್ ಕೋಶದ ಮೇಲೆ ಆ ಸಕ್ಕರೆಯನ್ನು ಹಿಡಿದುಕೊಳ್ಳುವ ಪ್ರೋಟೀನು ಇದೆ, ಹಾಗಾಗಿ ಔಷಧ ನೇರ ಲಿವರ್‌ಗೇ ಹೋಗುತ್ತದೆ. ಒಂದೇ ಗುರಿ, ಒಂದೇ ಅಂಗ. ಗೆದ್ದದ್ದು ಆಶ್ಚರ್ಯವಲ್ಲ.

ಮೈಕ್ರೋಆರ್‌ಎನ್‌ಎಯನ್ನೇ ಅಂಟಿಕೊಂಡು ತಡೆಯುವ ಅಥವಾ ಅದರ ನಕಲನ್ನು ಕೊಡುವ ಒಂದು ಔಷಧವೂ 2025ರ ತನಕ ಮಾರುಕಟ್ಟೆಗೆ ಬಂದಿಲ್ಲ. ಆದರೆ ದುಡ್ಡು ಮತ್ತೆ ಹರಿಯುತ್ತಿದೆ. ಹೃದಯ ಸೋಲುವ ಕಾಯಿಲೆಗೆ ಮಿರ್-132 ತಡೆಯುವ ಔಷಧ ಮಾಡುತ್ತಿದ್ದ ಕಾರ್ಡಿಯೋರ್ ಕಂಪನಿಯನ್ನು 2024ರಲ್ಲಿ ನೊವೊ ನಾರ್ಡಿಸ್ಕ್ ಕೊಂಡಿತು. 2025ರಲ್ಲಿ ನೊವಾರ್ಟಿಸ್ ರೆಗ್ಯುಲಸ್ ಕಂಪನಿಯನ್ನು ಕೊಂಡಿತು. ಈ ಎರಡನೆಯದು ನನಗೆ ಹೆಚ್ಚು ಕುತೂಹಲದ್ದು. ಅವರ ಫರಾಬರ್ಸೆನ್ ಔಷಧ ಇರುವುದು ವಂಶದಿಂದ ಬರುವ, ಕಿಡ್ನಿ ತುಂಬ ನೀರುಗುಳ್ಳೆ ಏಳುವ ಕಾಯಿಲೆಗೆ. ಮಗ ಮೊಮ್ಮಗ ಎಂದು ಡಯಾಲಿಸಿಸ್ ಕುರ್ಚಿಗೆ ಬರುವ ಮನೆಗಳು ಎಲ್ಲ ಕಡೆಯೂ ಇವೆ. ಈ ಕಾಯಿಲೆಯಲ್ಲಿ ಪಾಲಿಸಿಸ್ಟಿನ್ ಎಂಬ ಪ್ರೋಟೀನು ಕಡಿಮೆಯಾಗಿರುತ್ತದೆ, ಮಿರ್-17 ಅದನ್ನು ಇನ್ನೂ ತಗ್ಗಿಸುತ್ತಿರುತ್ತದೆ. ಮಿರ್-17ನ್ನು ತಡೆದರೆ ಪಾಲಿಸಿಸ್ಟಿನ್ ಏರಬೇಕು. ಏರಿತೋ ಇಲ್ಲವೋ ಎಂದು ರೋಗಿಯ ಮೂತ್ರದಲ್ಲೇ ಅಳೆಯಬಹುದು, ಮೊದಲ ಹಂತದ ಪ್ರಯೋಗದಲ್ಲಿ ಏರಿದ್ದೂ ಕಂಡಿದೆ. ಇಂಥ ಆರ್‌ಎನ್‌ಎ ತುಂಡುಗಳು ತಾವಾಗಿಯೇ ಕಿಡ್ನಿಯಲ್ಲಿ ಹೋಗಿ ಕೂರುವ ಸ್ವಭಾವದವು ಎನ್ನುವುದೂ ಅನುಕೂಲ. ಅಂದರೆ ಔಷಧ ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತು, ಹೋಗಿ ಕೆಲಸ ಮಾಡಿತೇ ಎಂಬುದೂ ಗೊತ್ತು. ಹೀಗಿದ್ದರೂ ಕಿಡ್ನಿಯಲ್ಲಿ ಗೆಲುವು ಖಾತ್ರಿಯಲ್ಲ. ಆಲ್ಪೋರ್ಟ್ ಎಂಬ ಕಿಡ್ನಿ ಕಾಯಿಲೆಗೆ ಮಿರ್-21 ತಡೆಯುವ ಔಷಧವನ್ನು ಪ್ರಯೋಜನ ಕಾಣದೆ 2022ರಲ್ಲಿ ನಿಲ್ಲಿಸಿದರು.

ಬಳಸು ದಾರಿ ಹಿಡಿದದ್ದು ಒಬೆಫಾಜಿಮಾಡ್. ಇದು ಆರ್‌ಎನ್‌ಎ ಅಲ್ಲವೇ ಅಲ್ಲ, ಬಾಯಿಂದ ನುಂಗುವ ಸಾಮಾನ್ಯ ಔಷಧ. ಮಿರ್-124 ಹೆಚ್ಚು ತಯಾರಾಗುವಂತೆ ಜೀವಕೋಶವನ್ನೇ ಒಪ್ಪಿಸುತ್ತದೆ, ಅದರಿಂದ ಉರಿಯೂತ ಇಳಿಯುತ್ತದೆ. ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತಭೇದಿ ಆಗುವ ಅಲ್ಸರೇಟಿವ್ ಕೊಲೈಟಿಸ್ ಮೇಲಿನ ಮೂರನೇ ಹಂತದ ಪ್ರಯೋಗಗಳಲ್ಲಿ ಎಂಟು ವಾರಕ್ಕೆ ಒಳ್ಳೆಯ ಫಲ ಬಂದಿದೆ ಎಂದು 2025ರ ಜುಲೈನಲ್ಲಿ ಸುದ್ದಿ ಬಂತು. ಈ ಕ್ಷೇತ್ರದಿಂದ ಮೊದಲು ಔಷಧದ ಅಂಗಡಿಗೆ ಬರುವುದು ಬಹುಶಃ ಇದೇ ಎಂದು ನನ್ನ ಊಹೆ. ಊಹೆ ಅಷ್ಟೇ.

ಕವಳದ ಬಾಯಿ

ಉತ್ತರ ಕನ್ನಡದಲ್ಲಿ ಇದು ಎಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದೀತು ಎಂದು ಕೇಳಿದರೆ ನಾನು ಬಾಯಿಯ ಕಡೆ ಬೆರಳು ತೋರಿಸುತ್ತೇನೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಇಲ್ಲದ ಕವಳವನ್ನೂ (ಎಲೆಯಡಿಕೆಯನ್ನೂ) ಸೇರಿಸಿ. ಈ ಮಾತನ್ನು ಶಿರಸಿಯ ಅಡಿಕೆ ಸೊಸೈಟಿ ಎದುರು ನಿಂತು ಹೇಳಿದರೆ ಜಗಳ ಗ್ಯಾರಂಟಿ. ನಮ್ಮ ಅರ್ಧ ಊರು ಉಣ್ಣುವುದೇ ಅದರಿಂದ, ನಾನೂ ಹೊರತಲ್ಲ. ಬೆಳೆಯುವವರ ಸಂಕಟ ಬೇರೆ, ಅಗಿಯುವವರ ಬಾಯಿ ಬೇರೆ. ಎರಡನ್ನೂ ಒಂದೇ ವಾದದಲ್ಲಿ ಕಟ್ಟಿಹಾಕಿದರೆ ಬಾಯಿ ಬಿಗಿದವರು ಆಸ್ಪತ್ರೆಗೆ ಬರುವುದು ಇನ್ನೂ ತಡವಾಗುತ್ತದೆ.

ಪತ್ತೆಗೆ ಮೈಕ್ರೋಆರ್‌ಎನ್‌ಎ ಬೇಕಾಗಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬಾಯಿ ತೆರೆಸಿ ಬೆಳಕು ಬಿಟ್ಟು ನೋಡಿದ್ದಕ್ಕೇ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆ ಫಲಿತಾಂಶ ಬಂದದ್ದು 2005ರಲ್ಲಿ. ಒಂದು ಟಾರ್ಚು, ಒಂದು ಜೊತೆ ಕೈಗವಸು.

ಟಾರ್ಚಿಗೆ ಕಾಣದ್ದು ಒಂದಿದೆ. ಕೆನ್ನೆಯೊಳಗೆ ಬಿಳಿ ಮಚ್ಚೆ ಇರುವವರು, ಅಡಿಕೆಯಿಂದ ಬಾಯಿ ಬಿಗಿದು ಎರಡು ಬೆರಳೂ ಒಳಗೆ ಹೋಗದವರು ಬಹಳ ಜನ. ಇವರಲ್ಲಿ ಎಲ್ಲರಿಗೂ ಕ್ಯಾನ್ಸರ್ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಯಾರಿಗೆ ಎಂದು ನೋಡಿ ಹೇಳಲಾಗುವುದಿಲ್ಲ. ಪ್ರತಿ ಸಲ ತುಂಡು ಕತ್ತರಿಸಿ ಬಯಾಪ್ಸಿಗೆ ಕಳಿಸುವುದೂ ಆಗದ ಮಾತು. ಈ ಪ್ರಶ್ನೆಗೆ ಎಂಜಲು ಉತ್ತರ ಕೊಡಬಹುದು. ಅಡಿಕೆ ಅಗಿಯುವ ಇನ್ನೊಂದು ನಾಡಾದ ತೈವಾನ್‌ನಲ್ಲಿ ಬಾಯಿ ಕ್ಯಾನ್ಸರ್ ರೋಗಿಗಳ ರಕ್ತದಲ್ಲೂ ಎಂಜಲಿನಲ್ಲೂ ಮಿರ್-31 ಏರಿರುವುದು ಕಂಡಿದೆ, ಗಡ್ಡೆ ತೆಗೆದ ಮೇಲೆ ಇಳಿದಿದೆ. ರಕ್ತಕ್ಕಿಂತ ಎಂಜಲಿನಲ್ಲಿ ಅದು ಹೆಚ್ಚಿತ್ತು. ಎಂಜಲು ಗಡ್ಡೆಯನ್ನು ತೊಳೆದುಕೊಂಡೇ ಬರುವುದರಿಂದ ಎಲ್ಲಿಂದ ಬಂತು ಎಂಬ ಪ್ರಶ್ನೆ ಇಲ್ಲಿ ಅರ್ಧ ಬಗೆಹರಿದ ಹಾಗೆ. ಉಳಿದರ್ಧಕ್ಕೆ ಒಸಡಿನ ರಕ್ತ ಅಡ್ಡ ಬರುತ್ತದೆ, ಹುಳುಕು ಹಲ್ಲು, ಬಾಯಿಹುಣ್ಣು ಅಡ್ಡ ಬರುತ್ತವೆ.

ಇದಕ್ಕೆ ಬೇಕಾದ ಅಧ್ಯಯನ ಜಪಾನಿನಲ್ಲಿ ಆಗುವಂಥದ್ದಲ್ಲ. ಬಾಯಿ ಬಿಗಿದವರು, ಮಚ್ಚೆ ಇರುವವರು ಇರುವುದು ಇಲ್ಲಿ. ಕ್ಯಾನ್ಸರ್ ಆದವರ ಎಂಜಲು ಮತ್ತು ಆಗದವರ ಎಂಜಲು ಹೋಲಿಸಿ ಇನ್ನೊಂದು ಪ್ರಬಂಧ ಬರೆದರೆ ಉಪಯೋಗವಿಲ್ಲ, ಅಂಥವು ಬೇಕಾದಷ್ಟಿವೆ. ಇನ್ನೂ ಏನೂ ಆಗದವರನ್ನು ಹೆಸರು ಬರೆದುಕೊಂಡು, ಆರು ತಿಂಗಳಿಗೊಮ್ಮೆ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಕವಳ ಹಾಕುವ ಮುಂಚೆ ಎಂಜಲು ತೆಗೆದು, ತಾಲೂಕು ಆಸ್ಪತ್ರೆಯಲ್ಲೇ ತಿರುಗಿಸಿ ಬೇರ್ಪಡಿಸಿ, ಕಾರವಾರದ ವೈದ್ಯಕೀಯ ಕಾಲೇಜಿನಂಥ ಕಡೆ ಮೈನಸ್ 80 ಡಿಗ್ರಿಯಲ್ಲಿ ಇಟ್ಟು, ಐದಾರು ವರ್ಷ ಅದೇ ಜನರನ್ನು ಬಿಡದೆ ನೋಡಬೇಕು. ಫ್ರೀಜರ್ ಕೊಳ್ಳುವುದಕ್ಕಿಂತ ಕಷ್ಟದ್ದು, ಅಡಿಕೆಯ ಕೊನೆಕೊಯ್ಲಿನ ಹೊತ್ತಲ್ಲಿ ಜನ ತಪ್ಪದೆ ತಪಾಸಣೆಗೆ ಬರುವಂತೆ ಮಾಡುವುದು. ಆ ಕೆಲಸ ಆಶಾ ಕಾರ್ಯಕರ್ತೆಯರದ್ದೇ ಆಗುತ್ತದೆ. ಯೋಜನೆ ಬರೆಯುವವರು ಅವರ ಗೌರವಧನಕ್ಕೂ ಅದರಲ್ಲಿ ಒಂದು ಸಾಲು ಇಡಬೇಕು.